ಗೆರೆಯಾಚೆಯ ಆಟ

ನಮ್ಮ ಪೆರಾಬೆಯ ಕಡೆ ಯಕ್ಷಗಾನದ ಭಾಗವತರನ್ನು ಮೊದಲನೆಯ ವೇಷಧಾರಿಯೆಂದು ಹೇಳುವ ವಾಡಿಕೆಯುಂಟು. ಮುಖಕ್ಕೆ ಬಣ್ಣವಿಲ್ಲ, ಕಾಲಿಗೆ ಗೆಜ್ಜೆಯಿಲ್ಲ. ಆದರೂ ಕುಣಿಯುವವರೆಲ್ಲ ಅವರ ಜಾಗಟೆಯ ಅಳತೆಯಲ್ಲಿಯೇ ಕುಣಿಯಬೇಕು. ಕಾಲ್ಚೆಂಡಿನಲ್ಲಿ ಈ ಪಾತ್ರ ತರಬೇತುದಾರನದು. ಪಾಪ, ಅವನ ಕೈಯಲ್ಲಿ ಜಾಗಟೆಯೂ ಇಲ್ಲ. ಗೆರೆಯಾಚೆ ನಿಂತು ಕೂಗಬಹುದು. ಆಡುವ ಚೆಂಡನ್ನು ಮುಟ್ಟುವಂತಿಲ್ಲ. 2023ರ ಜೂನ್‌ನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಪಾಕಿಸ್ತಾನದೆದುರು ಆಟ ನಡೆದಾಗ, ಭಾರತದ ಅಂದಿನ ತರಬೇತುದಾರ, ಕ್ರೊವೇಷಿಯಾದ ಹಳೆಯ ಆಟಗಾರ ಇಗೊರ್ ಸ್ಟಿಮ್ಯಾಕ್, ತಡೆಯಲಾರದೆ ಚೆಂಡಿಗೆ ಕೈ ಹಾಕಿದರು. ಕೆಂಪು ಕಾರ್ಡು ಪಡೆದು ಹೊರನಡೆದರು.

ಆಗ ನನಗೆ ನೆನಪಾದವರು ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್. 1971ರಲ್ಲಿ ಹುಟ್ಟಿದ ಇವರು ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ, 1993ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಆ ವರ್ಷವೇ ಇರಾಕಿನ ಅಲ್ ಜವ್ರಾ ತಂಡದ ಮೇಲೆ 6-2ರ ಗೆಲುವು. ಅದರಲ್ಲಿ ಮೂರು ಗೋಲು ಇವರವು. ಇವರಾದರೋ ಮಧ್ಯಪಂಕ್ತಿಯವರು, ಚೆಂಡನ್ನು ಇನ್ನೊಬ್ಬರ ಕಾಲಿಗೆ ಒದಗಿಸುವುದೇ ಅಲ್ಲಿಯ ಕೆಲಸ. 2001ರಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಾಗ ನಾಯಕರು ಇವರೇ. ಆ ವರ್ಷವೇ ಆಟ ನಿಲ್ಲಿಸಿ, ತಾವು ಕಲಿತ ಅಕಾಡೆಮಿಗೇ ಕಲಿಸಲು ಮರಳಿದರು. ಬಳಿಕ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ ಕ್ಲಬ್ಬಿನ ಹುಡುಗರನ್ನು ಪಳಗಿಸಿದರು. 2020ರ ಅಕ್ಟೋಬರ್ 12ರಂದು, ನಲವತ್ತೊಂಬತ್ತರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.

ಕನ್ನಡದ ಮೇಷ್ಟರಾದ ನನಗೆ ಈ ಕತೆಯ ಮೇಲೇಕಿಷ್ಟು ಮಮತೆ? ವಿದ್ಯಾರ್ಥಿದೆಸೆಯಲ್ಲಿ ನಾನು ಕವಿತೆ ಬರೆಯುತ್ತಿದ್ದೆ. ಈಗ ಬರೆಯುವುದಿಲ್ಲ, ಮಕ್ಕಳು ಬರೆದುದನ್ನು ತಿದ್ದುತ್ತೇನೆ. ಕಳೆದ ವರ್ಷ ಶಿಷ್ಯೆಯೊಬ್ಬಳ ಕವಿತೆಗೆ ಬಹುಮಾನ ಬಂತು. ಅವಳು ವೇದಿಕೆಯ ಮೇಲೆ ಓದುತ್ತಿದ್ದಾಗ ನಾನು ಮೂರನೆಯ ಸಾಲಿನಲ್ಲಿದ್ದೆ. ಮನಸ್ಸು ಹಿಗ್ಗಿತು, ಸುಳ್ಳೇಕೆ, ಮೂಲೆಯಲ್ಲೊಂದು ಕಿಡಿಯೂ ಸುಟ್ಟಿತು. ನಾನು ಸೂಚಿಸಿದ್ದ ಪದವೊಂದನ್ನು ಅವಳು ಬಿಟ್ಟು, ತನ್ನದನ್ನೇ ಉಳಿಸಿಕೊಂಡಿದ್ದಳು. ಅವಳದೇ ಚೆನ್ನಾಗಿತ್ತು.

ಚಾಪ್‌ಮನ್ನರ ಕಾಲುಗಳೂ ಗೆರೆಯ ಬಳಿ ಹೀಗೆ ತುಡಿದಿದ್ದುವೆ? ಬಲ್ಲವರಾರು! ಆದರೂ ಅವರು ಗೆರೆಯನ್ನು ಬಿಟ್ಟು ಹೋಗಲಿಲ್ಲ.

ಮರುದಿನ ಊರಿಗೆ ಹೋದಾಗ, ಕೊಯ್ಲು ಮುಗಿದ ಗದ್ದೆಯಲ್ಲಿ ಹುಡುಗರು ಒದ್ದ ಚೆಂಡು ನನ್ನ ಕಾಲ ಬಳಿಗೇ ಉರುಳಿ ಬಂತು. ಒಂದು ಕ್ಷಣ ತಡೆದೆ. ಅನಂತರ ಅದನ್ನು ಮೆಲ್ಲನೆ ಅವರತ್ತ ತಳ್ಳಿ, ಹುಣಿಯ ಮೇಲೆ ಕುಳಿತು ಕತ್ತಲಾಗುವ ತನಕ ಆಟ ನೋಡಿದೆ.