ಟ್ಯೂನಾ ಮೀನಿನ ಹೆಸರಲ್ಲಿ ಒಂದು ಸಾಲ

ಫೋಟೋದಲ್ಲಿ ಹಳದಿ ಹೈಲೈಟರ್ ಬಿದ್ದಿರೋ ಜಾಗ ನೋಡಿ: ಕಂಟಿಂಜೆಂಟ್ ಲಯಬಿಲಿಟಿ. ಬಿಕಾಂ ಓದೋರಿಗೆಲ್ಲ ಇದು ಗೊತ್ತು. ಬೇರೆಯವರ ಸಾಲಕ್ಕೆ ನೀವು ಜಾಮೀನು ನಿಂತಿದ್ದೀರಿ. ಅವರು ಕಟ್ಟಿದ್ರೆ ನಿಮಗೇನಿಲ್ಲ, ಕಟ್ಟದಿದ್ರೆ ಅದು ನಿಮ್ಮ ತಲೆ ಮೇಲೆ. ಬ್ಯಾಲೆನ್ಸ್ ಶೀಟ್ ಒಳಗೆ ಬರಲ್ಲ, ಕೆಳಗೆ ನೋಟ್ಸಲ್ಲಿ ಹೇಳ್ಬೇಕು. ಎಎಸ್ 29 ಅಂತ ಗೀಚಿ ಮುಂದಿನ ಪ್ರಶ್ನೆಗೆ ಹಾರ್ತೀವಿ.

ಆ ಒಂದು ನೋಟ್ ಬರೀದೇ ಇದ್ದಿದ್ದಕ್ಕೆ ಒಂದು ಇಡೀ ದೇಶ ಏನು ತೆತ್ತಿತು ಅನ್ನೋದೇ ಇವತ್ತಿನ ಕ್ಯಾಪ್ಷನ್. ಉದ್ದ ಇದೆ, ಬಸ್ಸಲ್ಲಿ ಕೂತಾಗ ಓದಿ.

ದೇಶದ ಹೆಸರು ಮೊಜಾಂಬಿಕ್. ಆಫ್ರಿಕಾದ ಪೂರ್ವ ಕರಾವಳಿ. ತುಂಬಾ ಬಡ ದೇಶ, ಆದ್ರೆ 2010ರ ನಂತರ ಅಲ್ಲಿನ ಸಮುದ್ರದಲ್ಲಿ ದೊಡ್ಡ ಪ್ರಮಾಣದ ಗ್ಯಾಸ್ ಸಿಕ್ತು. ಆರ್ಥಿಕತೆ ವರ್ಷಕ್ಕೆ ಶೇ 7ರಷ್ಟು ಬೆಳೀತಿತ್ತು. ಎಲ್ಲರೂ 'ಮುಂದಿನ ಸಕ್ಸಸ್ ಸ್ಟೋರಿ' ಅಂತಿದ್ರು.

2013 ಮತ್ತು 2014ರಲ್ಲಿ ಅಲ್ಲಿ ಮೂರು ಸರ್ಕಾರಿ ಕಂಪನಿಗಳು ಹುಟ್ಕೊಂಡ್ವು. ಒಂದು ಕರಾವಳಿ ಕಾಯೋಕೆ, ಒಂದು ಟ್ಯೂನಾ ಮೀನು ಹಿಡಿಯೋಕೆ, ಇನ್ನೊಂದು ಹಡಗು ರಿಪೇರಿಗೆ. ಮೂರೂ ಸೇರಿ ಸುಮಾರು 200 ಕೋಟಿ ಡಾಲರ್ ಸಾಲ ಎತ್ತಿದ್ವು. ಕೊಟ್ಟಿದ್ದು ಮುಖ್ಯವಾಗಿ ಕ್ರೆಡಿಟ್ ಸ್ವೀಸ್ ಮತ್ತು ರಷ್ಯಾದ ವಿಟಿಬಿ ಬ್ಯಾಂಕ್. ವ್ಯಾಪಾರವೇ ಶುರುವಾಗದ ಕಂಪನಿಗೆ ಇಷ್ಟು ದುಡ್ಡು ಯಾಕೆ ಕೊಟ್ರು? ಸರ್ಕಾರದ ಗ್ಯಾರಂಟಿ ಇತ್ತು, ಅದಕ್ಕೆ. (ಈ ಗ್ಯಾರಂಟಿ ಬೇರೆ, ಫ್ರೀ ಬಸ್ ಗ್ಯಾರಂಟಿ ಬೇರೆ. ಕಾಮೆಂಟಲ್ಲಿ ಜಗಳ ಶುರು ಮಾಡ್ಬೇಡಿ.) ಅಷ್ಟು ದೊಡ್ಡ ಗ್ಯಾರಂಟಿಗೆ ಸಂಸತ್ತಿನ ಒಪ್ಪಿಗೆ ಬೇಕಿತ್ತು. ತಗೊಳ್ಳಲಿಲ್ಲ. ಟ್ಯೂನಾ ಕಂಪನಿಯ 85 ಕೋಟಿ ಡಾಲರ್ ಬಾಂಡ್ ಮಾತ್ರ ಹೊರಗೆ ಗೊತ್ತಿತ್ತು. ಉಳಿದ 115 ಕೋಟಿ ಡಾಲರ್ ಚಿಲ್ಲರೆ ಜನಕ್ಕೂ ಗೊತ್ತಿಲ್ಲ, ಐಎಂಎಫ್‌ಗೂ ಗೊತ್ತಿಲ್ಲ.

2016ರ ಏಪ್ರಿಲ್‌ನಲ್ಲಿ ವಿಷಯ ಪತ್ರಿಕೆಯಲ್ಲಿ ಬಂತು. ಐಎಂಎಫ್ ದುಡ್ಡು ನಿಲ್ಲಿಸ್ತು. ಬಜೆಟ್‌ಗೆ ನೇರ ನೆರವು ಕೊಡ್ತಿದ್ದ ದೇಶಗಳೂ ನಿಲ್ಲಿಸಿದ್ವು. ಆಸ್ಪತ್ರೆ, ಶಾಲೆ ನಡೀತಿದ್ದ ಬಜೆಟ್ ಅದು, ನೆನಪಿರಲಿ. 2015ರ ಶುರುವಲ್ಲಿ ಒಂದು ಡಾಲರಿಗೆ ಮೂವತ್ತು ಚಿಲ್ಲರೆ ಇದ್ದ ಅವರ ಮೆಟಿಕಲ್, 2016ರ ಕೊನೆ ಹೊತ್ತಿಗೆ 70 ದಾಟಿತ್ತು. ಬೆಲೆಯೇರಿಕೆ ಶೇ 20 ದಾಟ್ತು. ಬೆಳವಣಿಗೆ ಶೇ 4ಕ್ಕಿಂತ ಕೆಳಗಿಳೀತು. 2017ರ ಜನವರಿಯಲ್ಲಿ ಬಾಂಡ್ ಬಡ್ಡಿ ಕಟ್ಟೋಕಾಗದೆ ದೇಶ ಕೈಚೆಲ್ಲಿತು. ಎಲ್ಲಾ ಇದೊಂದರಿಂದಲೇ ಆಯ್ತು ಅಂತ ನಾನು ಹೇಳಲ್ಲ. ಬರಗಾಲ ಇತ್ತು, ಕಲ್ಲಿದ್ದಲಿನ ಬೆಲೆನೂ ಬಿದ್ದಿತ್ತು. ಆದ್ರೆ ಕಷ್ಟಕಾಲದಲ್ಲಿ ಕೈ ಹಿಡಿಯೋರು ಬೇಕಾದ ಹೊತ್ತಲ್ಲೇ ಎಲ್ಲರೂ ಕೈ ಬಿಟ್ರು.

ದೋಣಿಗಳ ಕಥೆ ಕೇಳಿ. 24 ಮೀನುಗಾರಿಕೆ ದೋಣಿ ಬಂದ್ವು. ಬಹುಪಾಲು ಮಪುಟೊ ಬಂದರಿನಲ್ಲೇ ತುಕ್ಕು ಹಿಡಿದು ನಿಂತ್ವು. 2017ರಲ್ಲಿ ಕ್ರೋಲ್ ಸಂಸ್ಥೆ ಆಡಿಟ್ ಮಾಡಿದಾಗ ಸುಮಾರು 50 ಕೋಟಿ ಡಾಲರ್ ಎಲ್ಲಿ ಹೋಯ್ತು ಅನ್ನೋದಕ್ಕೆ ಸರಿಯಾದ ಲೆಕ್ಕನೇ ಸಿಗಲಿಲ್ಲ. ಆಗಿನ ಹಣಕಾಸು ಮಂತ್ರಿ ಮ್ಯಾನುಯೆಲ್ ಚಾಂಗ್ 2018ರಲ್ಲಿ ಜೊಹಾನ್ಸ್‌ಬರ್ಗ್ ಏರ್‌ಪೋರ್ಟಲ್ಲಿ ಸಿಕ್ಕಿಬಿದ್ರು. 2024ರಲ್ಲಿ ನ್ಯೂಯಾರ್ಕ್ ಕೋರ್ಟು ಅವರನ್ನ ತಪ್ಪಿತಸ್ಥ ಅಂತು. ಸರಿ, ಶಿಕ್ಷೆ ಆಯ್ತು. ಆ ಎಂಟು ವರ್ಷದಲ್ಲಿ ಶಾಲೆ ಬಿಟ್ಟ ಮಗುಗೆ ಯಾವ ಕೋರ್ಟು?

ಇದನ್ನ ಓದ್ತಾ ನಂಗೆ ನೆನಪಾಗಿದ್ದು ನಮ್ಮಮ್ಮನ ಮಹಿಳಾ ಸಂಘ. ಪ್ರತಿ ವಾರ ಯಾರದ್ದಾದ್ರೂ ಮನೆ ಜಗಲಿ ಮೇಲೆ ಕೂತು ಪುಸ್ತಕ ಗಟ್ಟಿಯಾಗಿ ಓದ್ತಾರೆ. ಯಾರು ಎಷ್ಟು ಕಟ್ಟಿದ್ರು, ಯಾರದ್ದು ಎಷ್ಟು ಬಾಕಿ, ಎಲ್ಲಾ. ಚಿಕ್ಕವನಿದ್ದಾಗ ಇದು ನಂಗೆ ತುಂಬಾ ಬೋರು. ಪಕ್ಕದ ಬೀದಿ ಸಂಘದಲ್ಲಿ ಪುಸ್ತಕ ಒಬ್ಬರ ಬೀರುವಲ್ಲೇ ಇರ್ತಿತ್ತು. ಒಂದಿನ ಗೊತ್ತಾಯ್ತು, ಸಂಘದ ಹೆಸರಲ್ಲಿ ಯಾರಿಗೂ ಹೇಳದೆ ಇನ್ನೊಂದು ಸಾಲ ಎತ್ತಿದ್ದಾರೆ. ಬ್ಯಾಂಕು ಹದಿನಾಲ್ಕು ಜನಕ್ಕೂ ಸಾಲ ನಿಲ್ಲಿಸ್ತು. ಅದ್ರಲ್ಲಿ ಒಬ್ಬರ ಮಗಳು ನನ್ನ ಪಿಯು ಕ್ಲಾಸ್‌ಮೇಟ್. ಆ ವರ್ಷ ಡಿಗ್ರಿ ಫೀಸಿಗೆ ಅವರಮ್ಮ ಮೀಟರ್ ಬಡ್ಡಿಗೆ ದುಡ್ಡು ತಂದ್ರು. ಸಾಲ ಮಾಡಿದೋರು ಬೇರೆ, ಬಡ್ಡಿ ಕಟ್ಟಿದೋರು ಬೇರೆ. ಮೊಜಾಂಬಿಕ್‌ನಲ್ಲಿ ಆಗಿದ್ದೂ ಅದೇ ಅಲ್ವಾ?

ಎಕನಾಮಿಕ್ಸ್ ಪುಸ್ತಕದಲ್ಲಿ 'ಪಾರದರ್ಶಕತೆ' ಅಂದ್ರೆ ಏನೋ ನೀತಿಪಾಠದ ಥರ ಬರೀತಾರೆ. ನಂಗನ್ಸೋದು ಅದು ಸೀದಾ ಬಡ್ಡಿ ದರದ ವಿಷಯ. ಲೆಕ್ಕ ಕಾಣ್ಸಿದ್ರೆ ಸಾಲ ಕೊಡೋನಿಗೆ ಅಪಾಯ ಎಷ್ಟು ಅಂತ ಗೊತ್ತಾಗುತ್ತೆ. ಕಾಣ್ಸದಿದ್ರೆ ಅವನು ಕೆಟ್ಟದ್ದನ್ನೇ ಊಹಿಸ್ತಾನೆ, ಆ ಊಹೆಗೂ ಸೇರಿಸಿ ಬಡ್ಡಿ ಹಾಕ್ತಾನೆ. ಆ ಬಡ್ಡಿ ಹೋಗೋದು ರಸ್ತೆ ದುಡ್ಡಿಂದ, ಸ್ಕಾಲರ್‌ಶಿಪ್ ದುಡ್ಡಿಂದ. ಲೆಕ್ಕ ತೋರಿಸಿದ ತಕ್ಷಣ ದೇಶ ಶ್ರೀಮಂತ ಆಗಿಬಿಡುತ್ತೆ ಅಂತಲ್ಲ. ಚೀನಾ ಹೆಚ್ಚೇನೂ ತೋರಿಸದೆಯೇ ಬೆಳೀತು ಅಂತ ನೀವು ಹೇಳಬಹುದು, ನಿಜ. ಆದ್ರೆ ಅಲ್ಲೂ ಸ್ಥಳೀಯ ಸರ್ಕಾರಗಳ ಕಂಪನಿಗಳ ಹೆಸರಲ್ಲಿ ಅಡಗಿದ್ದ ಸಾಲ ಈಗ ದೊಡ್ಡ ತಲೆನೋವಾಗಿದೆ.

ನಮ್ಮಲ್ಲೂ ಅಡಗಿಸಿದ್ದುಂಟು. ಆಹಾರ ಸಬ್ಸಿಡಿಯ ದುಡ್ಡನ್ನ ಕೇಂದ್ರ ಸರ್ಕಾರ ಪೂರ್ತಿ ಕೊಡದೆ, ಎಫ್‌ಸಿಐ ಕೈಲಿ ಸಾಲ ಮಾಡಿಸ್ತಿತ್ತು. ಹಾಗಾಗಿ ಬಜೆಟ್‌ನಲ್ಲಿ ಕೊರತೆ ಕಮ್ಮಿ ಕಾಣ್ತಿತ್ತು. 2021ರ ಬಜೆಟ್‌ನಲ್ಲಿ ಅದನ್ನ ಲೆಕ್ಕದೊಳಗೆ ತಂದ್ರು. 2020-21ರ ಆಹಾರ ಸಬ್ಸಿಡಿ ಅಂದಾಜು ಸುಮಾರು 1.15 ಲಕ್ಷ ಕೋಟಿಯಿಂದ 4.22 ಲಕ್ಷ ಕೋಟಿ ರೂಪಾಯಿಗೆ ಜಿಗೀತು. ಕೋವಿಡ್ ವರ್ಷದ ಉಚಿತ ಧಾನ್ಯವೂ ಅದರಲ್ಲಿದೆ, ಹಳೇ ಬಾಕಿಯೂ ಇದೆ. ಕೊರತೆಯ ಅಂಕಿ ನೋಡೋಕೆ ಕೆಟ್ಟದಾಗಿತ್ತು, ಆದ್ರೂ ಮಾರ್ಕೆಟ್ ಕುಸೀಲಿಲ್ಲ. ಬಜೆಟ್ ದಿನ ಸೆನ್ಸೆಕ್ಸ್ ಏರಿತ್ತು! ಅದಕ್ಕೆ ಬೇರೆ ಕಾರಣಗಳೂ ಇದ್ವು ಬಿಡಿ, ಆದ್ರೆ ನಿಜ ಹೇಳಿದ್ದಕ್ಕೆ ಯಾರೂ ಓಡಿಹೋಗಲಿಲ್ಲ.

ಕರ್ನಾಟಕದಲ್ಲಿ ಸರ್ಕಾರದ ಗ್ಯಾರಂಟಿಗೆ ಮಿತಿ ಹಾಕೋ ಕಾಯ್ದೆ 1999ರಲ್ಲೇ ಬಂದಿದೆ. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ಮೊದಲ ರಾಜ್ಯವೂ ನಮ್ಮದೇ. ಸಿಎಜಿ ಪ್ರತಿ ವರ್ಷ ರಾಜ್ಯದ ಫೈನಾನ್ಸ್ ಅಕೌಂಟ್ಸ್ ಹೊರತರುತ್ತೆ, ಅದರಲ್ಲಿ ಗ್ಯಾರಂಟಿಗಳಿಗೇ ಅಂತ ಒಂದು ಸ್ಟೇಟ್‌ಮೆಂಟ್ ಇದೆ. ಫ್ರೀ. ಪಿಡಿಎಫ್. ನಮ್ಮ ಕ್ಲಾಸಲ್ಲಿ ಎಷ್ಟು ಜನ ತೆಗೆದು ನೋಡಿದ್ದೀರಿ, ಕೈ ಎತ್ತಿ ನೋಡೋಣ? ಡೌನ್‌ಲೋಡ್ ಮಾಡೋಕೆ ಬರದಿದ್ರೆ ಡಿಎಂ ಮಾಡಿ, ಕಳಿಸ್ತೀನಿ. ಮುಂದಿನ ಭಾನುವಾರ ಗ್ರೀಸ್.