ಬಚ್ಚಿಟ್ಟ ಸಿಡಿ

ಮಗನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳಿತ್ತು. 2012ರ ಮಾತು. ಅವನ ಆಟದ ಸಿಡಿಯೊಂದನ್ನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟೆ. 1999ರಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್ 2’ ಅದು. ಅದರಲ್ಲಿ ಏನಿದೆಯೆಂದು ಒಮ್ಮೆಯೂ ನೋಡಿದವನಲ್ಲ. ಗಮನಿಸದೆ ತೀರ್ಮಾನಕ್ಕೆ ಬರಬಾರದು ಎಂದು ತರಗತಿಯಲ್ಲಿ ಬೋಧಿಸುವ ವಿಜ್ಞಾನದ ಮೇಷ್ಟ್ರು ನಾನು! ಮಗನೇನೋ ಪಾಸಾದ. ಆದರೆ ‘ಅಪ್ಪಾ, ಇಲ್ಲಿ ನೋಡಿ’ ಎಂದು ಕರೆಯುವುದನ್ನು ಬಿಟ್ಟುಬಿಟ್ಟ.

ಕಳೆದ ದಸರೆಗೆ ಬಂದಾಗ ಅವನ ಲ್ಯಾಪ್‌ಟಾಪಿನಲ್ಲಿ ಅದೇ ಆಟದ 2019ರ ಹೊಸ ರೂಪವಿತ್ತು. ಈ ಸಲ ಕರೆಯದಿದ್ದರೂ ಪಕ್ಕದಲ್ಲಿ ಕುಳಿತೆ.

ಆಟ ಆರಂಭವಾಗುವುದು ಮೂವರು ಹಳ್ಳಿಗರಿಂದ. ಮರ ಕಡಿದು, ಹೊಲ ಮಾಡಿ, ಚಿನ್ನ ಅಗೆದು ಊರು ಕಟ್ಟಬೇಕು, ಆಮೇಲೆ ಸೈನ್ಯ. ಹೊಸ ಹಳ್ಳಿಗನೊಬ್ಬನಿಗೆ 50 ಪಾಲು ಆಹಾರ, 25 ಸೆಕೆಂಡು ಬೇಕು. ಮೊದಲು ಮಾಡಿದ ಸೋಮಾರಿತನ ಕೊನೆಯಲ್ಲಿ ಚಕ್ರಬಡ್ಡಿಯಂತೆ ಬೆಳೆದು ನಿಲ್ಲುತ್ತದೆ. ಹಳೆಯ ಆಟದ 13 ಜನಾಂಗಗಳಲ್ಲಿ ಭಾರತದ್ದು ಒಂದೂ ಇರಲಿಲ್ಲ. ಹೊಸ ರೂಪಕ್ಕೆ 2022ರಲ್ಲಿ ದ್ರಾವಿಡರೂ ಸೇರಿದ್ದಾರೆ. ನಾನು ಅವರನ್ನೇ ಆರಿಸಿಕೊಂಡೆ.

ಮಗ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಹೇಳಿದ. 1999ರ ಆಟದಲ್ಲಿ ಹೊಲದ ಫಸಲು ಮುಗಿದರೆ ಹಳ್ಳಿಗ ಕೈಕಟ್ಟಿ ನಿಲ್ಲುತ್ತಿದ್ದ. ನಾವೇ ಗಮನಿಸಿ, 60 ಪಾಲು ಕಟ್ಟಿಗೆ ಕೊಟ್ಟು ಮತ್ತೆ ಹೊಲ ಮಾಡಿಸಬೇಕಿತ್ತು. 2000ರ ಸೇರ್ಪಡೆಯಲ್ಲಿ ಗಿರಣಿಯಲ್ಲಿ ಮುಂಗಡ ಕಟ್ಟುವ ಅನುಕೂಲ ಬಂತು. ಈಗ ಹೊಲ ತಾನಾಗಿಯೇ ಬಿತ್ತನೆಯಾಗುತ್ತದೆ.

“ಹಾಗಾದರೆ ತಲೆಗೆ ಕೆಲಸವೇ ಇಲ್ಲ ಅನ್ನು” ಎಂದೆ. ಲಾಗ್ ಟೇಬಲ್ ಹೋಗಿ ಕ್ಯಾಲ್ಕುಲೇಟರ್ ಬಂದಾಗಲೂ ನಾನು ಹೀಗೆಯೇ ಗೊಣಗಿದ್ದೆ.

ಮಗ ನಕ್ಕ. “ಆಡಿ ನೋಡಿ.”

ಕಟ್ಟಿಗೆಯನ್ನೆಲ್ಲ ಬಿಲ್ಲುಗಾರರಿಗೆ ಸುರಿದೆ. ಸೈನ್ಯವೇನೋ ಸಿದ್ಧವಾಯಿತು, ಹೊಲಗಳು ಒಂದೊಂದಾಗಿ ಪಾಳುಬಿದ್ದವು. ತಾನಾಗಿ ಬಿತ್ತನೆಯಾದರೂ 60 ಪಾಲು ಕಟ್ಟಿಗೆ ಈಗಲೂ ಕೊಡಲೇಬೇಕಂತೆ! ಹೊಸ ಆಟ ಬೆರಳಿನ ಕೆಲಸವನ್ನು ತೆಗೆದಿದೆ, ಲೆಕ್ಕಾಚಾರವನ್ನಲ್ಲ. ಕ್ಯಾಲ್ಕುಲೇಟರೂ ಅಷ್ಟೆ: ಗುಣಿಸಿ ಕೊಡುತ್ತದೆ, ಯಾವುದನ್ನು ಗುಣಿಸಬೇಕೆಂದು ಹೇಳುವುದಿಲ್ಲ. ಆದರೂ ಒಂದು ಮಾತು ಒಪ್ಪಬೇಕು. ಸದಾ ಎಚ್ಚರವಾಗಿರುವ ಅಭ್ಯಾಸವನ್ನು ಹಳೆಯದೇ ಚೆನ್ನಾಗಿ ಕಲಿಸುತ್ತಿದ್ದಿರಬೇಕು.

ಪರೀಕ್ಷೆಯ ಕಾಲದಲ್ಲಿ ಆಟಕ್ಕೆ ಮಿತಿ ಬೇಡವೆಂದು ನಾನು ಈಗಲೂ ಹೇಳುವುದಿಲ್ಲ. ಆದರೆ ಪೋಷಕರೇ, ಬಚ್ಚಿಡುವ ಮೊದಲು ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ನೋಡಿ.

ಆ ರಾತ್ರಿ ಹುಡುಕಿ ಸಿಡಿಯನ್ನು ಮಗನಿಗೆ ಕೊಟ್ಟೆ. ಅವನ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಆದರೂ ಅಂಗಿಯ ತುದಿಯಿಂದ ಧೂಳೊರೆಸಿ ಚೀಲದಲ್ಲಿಟ್ಟುಕೊಂಡ.