ಮೂಲೆಯಲ್ಲಿ ನಿಂತ ಆಟ

ಅಮೆರಿಕದ ಹೈಸ್ಕೂಲುಗಳಲ್ಲಿ ಗಣಿತ ಕಲಿಯುವ ಮಕ್ಕಳ ಚೀಲದಲ್ಲಿ ಪುಸ್ತಕದ ಜೊತೆಗೆ ಇನ್ನೊಂದು ಸಾಮಗ್ರಿ ಇರುವುದುಂಟು. ಸಮೀಕರಣವನ್ನು ಕೊಟ್ಟರೆ ಅದರ ರೇಖೆಯನ್ನು ಪುಟ್ಟ ಪರದೆಯ ಮೇಲೆ ಎಳೆದು ತೋರಿಸುವ ಗ್ರಾಫಿಂಗ್ ಕ್ಯಾಲ್ಕುಲೇಟರು ಅದು. ಅಲ್ಲಿಯ ಒಂದು ಮನೆಯ ಯಜಮಾನನ ಬಳಿ, ಆತನು 1997ರಲ್ಲಿ ಕೊಂಡ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿಐ-83 ಇತ್ತು. ಓದುವ ದಿನಗಳಲ್ಲಿ ಆತನು ಅದರೊಳಗೆ ಬೇಸಿಕ್ ಭಾಷೆಯಲ್ಲಿ ಒಂದು ಆಟವನ್ನು ಬರೆದಿದ್ದನು. ಅಕ್ಷರಗಳಿಂದಾದ ಹುಳುವೊಂದು ಹರಿದಾಡಿ ಚುಕ್ಕಿಗಳನ್ನು ನುಂಗುವ ಆಟ. ಆ ಯಂತ್ರಕ್ಕೆ ಸ್ಥಿರವಾದ ಉಗ್ರಾಣವಿಲ್ಲ. ಬರೆದುದೆಲ್ಲವೂ ನಾಲ್ಕು ಸಣ್ಣ ಸೆಲ್ಲುಗಳ ಮತ್ತು ಅವುಗಳ ಬೆನ್ನಿಗಿರುವ ಗುಂಡಿಯಂಥ ಇನ್ನೊಂದು ಸೆಲ್ಲಿನ ಬಲದಿಂದ ಬದುಕಬೇಕು; ಎಲ್ಲವೂ ಒಟ್ಟಿಗೆ ಆರಿದರೆ ಆಟವೂ ಆರಿತು. ಇಪ್ಪತ್ತೆರಡು ವರ್ಷ ಆತನು ತಪ್ಪದೆ ಸೆಲ್ಲು ಬದಲಿಸಿದನು. ಮನೆಯವರು ನಗುತ್ತಿದ್ದರು. ನಂದಾದೀಪಕ್ಕೆ ಎಣ್ಣೆಯೆರೆಯುವವರನ್ನು ಕಂಡು ಯಾರೂ ನಗುವುದಿಲ್ಲವಷ್ಟೆ!

2019ರಲ್ಲಿ ಮಗಳಿಗೆ ಟಿಐ-84 ಪ್ಲಸ್ ಸಿಇ ಬಂದಿತು. ಆಟವನ್ನು ಅದಕ್ಕೆ ದಾಟಿಸಬೇಕೆಂದು ತಂದೆಗೆ ಆಸೆ. ಹಳೆಯದರಲ್ಲಿರುವುದು 2.5 ಮಿಲಿಮೀಟರಿನ ದುಂಡು ಕಂಡಿ, ಹೊಸದರಲ್ಲಿ ಯುಎಸ್‌ಬಿ ಮಾತ್ರ. ಮೊಮ್ಮಗನೊಡನೆ ಅಜ್ಜನು ನೇರವಾಗಿ ಮಾತನಾಡಲಾರನು. 2004ರಲ್ಲಿ ಬಂದ ಟಿಐ-84 ಪ್ಲಸ್‌ಗೆ ಎರಡು ಕಂಡಿಗಳೂ ಉಂಟು. ನೆರೆಮನೆಯಿಂದ ಅದನ್ನು ಎರವಲು ತಂದು ದುಭಾಷಿಯಂತೆ ನಡುವೆ ಕೂರಿಸಿದರು.

ಮಾತುಗಳೆಲ್ಲ ಅರ್ಥವಾದವು. ಬೇಸಿಕ್ಕಿನ ಆಜ್ಞೆಗಳನ್ನು ಈ ಯಂತ್ರಗಳು ಅಕ್ಷರಗಳಾಗಿ ಕೂಡಿಡುವುದಿಲ್ಲ. ಒಂದೊಂದು ಆಜ್ಞೆಗೂ ಒಂದೊಂದು ಸಂಖ್ಯೆ. ಆ ಸಂಖ್ಯೆಗಳನ್ನು ತಯಾರಕರು ಮಾದರಿಯಿಂದ ಮಾದರಿಗೆ ಬಹುಮಟ್ಟಿಗೆ ಹಾಗೆಯೇ ಕಾಪಾಡಿಕೊಂಡು ಬಂದಿದ್ದಾರೆ. ಇದು ಮೆಚ್ಚತಕ್ಕ ವಿಷಯ. ಆದರೆ ನಡುವಿನ ಯಂತ್ರದಲ್ಲಿ ಪರೀಕ್ಷಿಸಿದಾಗಲೇ ಹುಳು ಹುಚ್ಚು ಹಿಡಿದಂತೆ ಓಡಿತು. ಹಿಂದೆ ಅದರ ನಡಿಗೆಯನ್ನು ತಡೆಯಲು ತಂದೆಯು ‘1ರಿಂದ 60ರ ವರೆಗೆ ಸುಮ್ಮನೆ ಎಣಿಸು’ ಎಂದು ಬರೆದಿದ್ದನು. ಆತನ ಯಂತ್ರದ ವೇಗ 6 ಮೆಗಾಹರ್ಟ್ಸ್, ನಡುವಿನದರದು 15. ಎಣಿಕೆ ಕಣ್ಣೆವೆಯಿಕ್ಕುವುದರೊಳಗೆ ಮುಗಿಯುತ್ತಿತ್ತು. ಸಿಇಯಲ್ಲಿ ಇನ್ನೊಂದು ಸೋಜಿಗ: ಬಣ್ಣದ ಪರದೆಯ ಎಡಮೇಲಿನ ಮೂಲೆಯಲ್ಲಿ ಆಟವೆಲ್ಲ ಮುದುರಿ ನಿಂತಿತ್ತು. ಹಳೆಯ ಪರದೆಗೆ ಸಾಲಿಗೆ 16 ಅಕ್ಷರದಂತೆ 8 ಸಾಲು. ಹೊಸದಕ್ಕೆ 26 ಅಕ್ಷರದ 10 ಸಾಲು.

“ಇದೇಕೆ ಹೀಗೆ ಮೂಲೆ ಹಿಡಿದಿದೆ?” ಎಂದಳು ಮಗಳು.

ಓಲೆಗರಿಯ ಲಿಪಿಕಾರನು ದಾರದ ತೂತಿನ ಸುತ್ತ ಒಂದಿಷ್ಟು ಜಾಗ ಬಿಟ್ಟು ಬರೆಯುತ್ತಿದ್ದನು. ಅದನ್ನು ಕಾಗದಕ್ಕೆ ಪ್ರತಿಮಾಡುವವನು ಆ ತೆರಪನ್ನೂ ಉಳಿಸಿದರೆ, ನೋಡುವವರಿಗೆ ಕಾರಣ ತಿಳಿಯದು. ಆ 16 ಅಂಥದೊಂದು ತೆರಪು.

ಗೆಳೆಯನಿಂದ ಬಂದಿದ್ದ ಇನ್ನೊಂದು ಆಟವು ಅಸೆಂಬ್ಲಿಯಲ್ಲಿ, ಎಂದರೆ ಯಂತ್ರದ ಸ್ವಂತ ಭಾಷೆಯಲ್ಲಿ, ಇತ್ತು. ಅದು ಟಿಐ-83ರ ಒಳಗಿನ ಕೆಲಸಗಳನ್ನು ಅವುಗಳ ಮನೆಯ ನಂಬರನ್ನೇ ಹಿಡಿದು ಕರೆಯುತ್ತಿತ್ತು. 1999ರ ಟಿಐ-83 ಪ್ಲಸ್‌ನಲ್ಲಿಯೇ ಆ ಮನೆಗಳು ಬದಲಾಗಿದ್ದವು. 2015ರ ಸಿಇಯಲ್ಲಿ ಸಂಸ್ಕಾರಕವೇ ಬೇರೆ. ಅದು ನಡೆಯಲಿಲ್ಲ, ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ.

ಆದರೆ ಹವ್ಯಾಸಿಗಳು ಸಿಇಗೆಂದೇ ಬರೆದ ಅಸೆಂಬ್ಲಿ ಆಟಗಳನ್ನು ಮಗಳು ಹುಡುಕಿ ತಂದಿದ್ದಳು. 2020ರಲ್ಲಿ ಸಂಸ್ಥೆಯು ಹೊರಡಿಸಿದ ಹೊಸ ವ್ಯವಸ್ಥಾ ತಂತ್ರಾಂಶವು, ಪರೀಕ್ಷೆಯ ಭದ್ರತೆಯ ಚಿಂತೆಯಿಂದ, ಅಂಥವುಗಳಿಗೆಲ್ಲ ಬಾಗಿಲು ಹಾಕಿತು. ಆ ಚಿಂತೆ ಹುಸಿಯಲ್ಲ. ಆದರೂ ನಿನ್ನೆ ನಡೆದ ಆಟ, ಅದೇ ಯಂತ್ರದಲ್ಲಿ, ಅದೇ ಗುಂಡಿಗಳಿಗೆ ಇಂದು ಓಗೊಡದಿದ್ದುದು ಹುಡುಗಿಗೆ ಬೇರೆಯೇ ಬಗೆಯ ನೋವಾಯಿತು. ಹಿಂದಿನದು ಅಸಾಮರ್ಥ್ಯ, ಇದು ಅಪ್ಪಣೆ.

ಬೇಸಿಕ್ಕಿಗೆ ಆ ತಡೆಯಿರಲಿಲ್ಲ. ಹುಳು ಉಳಿಯಿತು. ಒಂದು ಸಂಜೆ ಅವಳು ಕುಳಿತು 60 ಇದ್ದುದನ್ನು ಏರಿಸುತ್ತ, ಏರಿಸುತ್ತ, ಹುಳುವನ್ನು ಅದರ ಹಳೆಯ ನಡಿಗೆಗೆ ತಂದಳು. 16ನ್ನು ಮಾತ್ರ 26 ಮಾಡಲಿಲ್ಲ. ಹುಳು ಹದಿನಾರನೆಯ ಮನೆಯನ್ನು ಮುಟ್ಟಿದೊಡನೆ ತಂದೆಯ ಹೆಬ್ಬೆರಳು ತಾನಾಗಿ ಕೆಳಗಿನ ಬಾಣದ ಗುಂಡಿಯನ್ನು ಒತ್ತುವುದನ್ನು ಅವಳು ನೋಡಿದ್ದಳು.